ಬೆಂಕಿ ಹಚ್ಚಿದವರು ಯಾರು?

ಬೇಸಗೆ ಬಂತೆಂದರೆ ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆಯ ಗುಡ್ಡ, ಗೋಮಾಳ, ನೀಲಗಿರಿ ತೋಪುಗಳಿಗೆ ಬೆಂಕಿಯ ಭಯ. ಎಲ್ಲಾದರೂ ಹೊಗೆ ಕಂಡರೆ ಸಾಕು, 'ದನ ಕಾಯೋರೇ ಹಚ್ಚಿರ್ಬೇಕು' ಅನ್ನುತ್ತಾರೆ. ಸಾಕ್ಷಿ ಬೇಡ, ವಿಚಾರಣೆ ಬೇಡ. ಈ ಮಾತಿಗೆ ನೂರೈವತ್ತು ವರ್ಷ ಮೀರಿದ ಚರಿತ್ರೆ ಇದೆ.

ಕಾಡಂಚಿನ ಜನಕ್ಕೆ ಬೆಂಕಿಯೂ ಕುಡುಗೋಲು, ಗುದ್ದಲಿಗಳ ಹಾಗೆ ಒಂದು ಸಲಕರಣೆ. ಘಟ್ಟದ ಕುಮರಿ ಬೇಸಾಯಗಾರರು ತುಂಡು ಕಾಡು ಕಡಿದು, ಸುಟ್ಟು, ಬೂದಿಯಲ್ಲಿ ಬೆಳೆ ತೆಗೆದು, ಆ ನೆಲವನ್ನು ಮತ್ತೆ ಕಾಡಿಗೇ ಬಿಡುತ್ತಿದ್ದರು. ದನ ಕಾಯುವವರು ಒಣಹುಲ್ಲು ಸುಟ್ಟು ಹೊಸ ಚಿಗುರಿಗೆ ಕಾಯುತ್ತಿದ್ದರು. 1840ರ ದಶಕದ ಕೊನೆಗೆ, ಮೈಸೂರನ್ನು ಆಳುತ್ತಿದ್ದ ಬ್ರಿಟಿಷ್ ಕಮಿಷನರರ ಸರ್ಕಾರ ಕುಮರಿಯನ್ನು ನಿಷೇಧಿಸಿತು. ಕಾಡು ಹಾಳಾಗುತ್ತದೆ ಅಂದರು. ಅದೇ ದಶಕದಲ್ಲೇ, 1843ರಲ್ಲಿ, ಮಂಜರಾಬಾದಿನಲ್ಲಿ, ಅಂದರೆ ಈಗಿನ ಸಕಲೇಶಪುರದ ಕಡೆ, ಗ್ರೀನ್ ಎಂಬ ದೊರೆ ಕಾಫಿ ತೋಟ ಹಾಕಿದ. ಅವನ ಹಿಂದೆ ಬಂದ ದೊರೆಗಳೂ ಕಾಡು ಕಡಿಸಿದರು, ಸುಡಿಸಿದರು. ಕಡಿದ ಕೈಗಳೆಲ್ಲ ಕೂಲಿಯಾಳುಗಳವು. ಬಡವ ಹಚ್ಚಿದರೆ ಅಪರಾಧ, ಧಣಿ ಹಚ್ಚಿಸಿದರೆ ಅಭಿವೃದ್ಧಿ!

1864ರಲ್ಲಿ ಮೈಸೂರಿಗೆ ಅರಣ್ಯ ಇಲಾಖೆ ಬಂತು. 1900ರಲ್ಲಿ ಸಂಸ್ಥಾನ ತನ್ನದೇ ಅರಣ್ಯ ರೆಗ್ಯುಲೇಷನ್ ಮಾಡಿಕೊಂಡಿತು. ಈ ಕಾಯಿದೆಗಳ ಮನಸ್ಸು ಎಂಥದು ಅಂತ ತಿಳಿಯಬೇಕಾದರೆ 1927ರ ಭಾರತೀಯ ಅರಣ್ಯ ಕಾಯಿದೆಯನ್ನು ತೆರೆದು ನೋಡಬೇಕು. ಯಾರಾದರೂ ಬೇಕೆಂದೇ ರಿಸರ್ವ್ ಕಾಡಿಗೆ ಬೆಂಕಿ ಇಟ್ಟರೆ, ಅವನಿಗೆ ಶಿಕ್ಷೆಯಾದ ಮೇಲೂ, ಅಲ್ಲಿ ಎಲ್ಲರಿಗೂ ಇರುವ ಮೇವಿನ ಹಕ್ಕು, ಸೌದೆ ಸೊಪ್ಪಿನ ಹಕ್ಕನ್ನು ಸರ್ಕಾರ ತಡೆಹಿಡಿಯಬಹುದು. ಒಬ್ಬ ಮಾಡಿದ್ದಕ್ಕೆ ಊರಿಗೇ ದಂಡ. ಇನ್ನೊಂದು ಕಲಮು: ಆ ಕಾಡಿನಲ್ಲಿ ಹಕ್ಕು ಇರುವವರೆಲ್ಲ ಬೆಂಕಿ ಆರಿಸಲು ಹೋಗಲೇಬೇಕು. ಹೋಗದಿದ್ದರೆ ಒಂದು ತಿಂಗಳವರೆಗೆ ಜೈಲು. ಕಾಡು ಸರ್ಕಾರದ್ದು, ಬಿಟ್ಟಿ ಚಾಕರಿ ಮಾತ್ರ ನಮ್ಮದು.

ಬೆಂಕಿಯನ್ನು ಪೂರಾ ನಿಲ್ಲಿಸಿದ್ದರಿಂದ ಕಾಡಾದರೂ ಉಳಿಯಿತೆ? ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಗೆ ಬಲಿಯುವ ಮುಂಚೆ 'ತರಗು ಬೆಂಕಿ' ಹಾಕುತ್ತಿದ್ದರು. ಅದು ಉದುರಿದ ಎಲೆ ಮಾತ್ರ ಸುಡುವ ಸಣ್ಣ ಬೆಂಕಿ. 1974ರಲ್ಲಿ ಅಭಯಾರಣ್ಯವಾಗಿ ಅದು ನಿಂತಿತು. ಲಂಟಾನ ಆಳೆತ್ತರ ಬೆಳೆಯಿತು. ಈಗ ಕಿಡಿ ಬಿದ್ದರೆ ಉರಿ ಮರದ ನೆತ್ತಿಗೇ ಏರುತ್ತದೆ. ಸೋಲಿಗರು ಹೇಳುತ್ತಲೇ ಬಂದ ಈ ಮಾತನ್ನು ವಿಜ್ಞಾನಿಗಳು ಬಹಳ ತಡವಾಗಿ ಬರೆದರು. ಇಲಾಖೆಯೇ ಬೇಸಗೆಗೆ ಮುಂಚೆ ಬೆಂಕಿ ರೇಖೆ ಸುಡಿಸುತ್ತದಲ್ಲ, ಅದು ಯಾರ ವಿದ್ಯೆ?

2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟಿತು. 2023ರ ಫೆಬ್ರವರಿಯಲ್ಲಿ ನಮ್ಮದೇ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನ ಕಾಡುಮನೆಯಲ್ಲಿ ಬೆಂಕಿ ಆರಿಸಲು ಹೋದ ಗಾರ್ಡ್ ಒಬ್ಬರು ಸುಟ್ಟಗಾಯದಿಂದ ತೀರಿಕೊಂಡರು. ಹಸಿ ಸೊಪ್ಪು ಹಿಡಿದು ಉರಿಯ ಎದುರು ನಿಲ್ಲುವವರು ಗಾರ್ಡುಗಳು, ದಿನಗೂಲಿ ವಾಚರುಗಳು. ದೊಡ್ಡ ಸಾಹೇಬರು ಅಲ್ಲಿ ನಿಲ್ಲುವುದಿಲ್ಲ. ಅನುಮಾನಕ್ಕೂ ಬಡವನೇ ಬೇಕು, ಆರಿಸುವುದಕ್ಕೂ ಬಡವನೇ ಬೇಕು.

2006ರ ಅರಣ್ಯ ಹಕ್ಕು ಕಾಯಿದೆ ಕಾಡು ಕಾಯುವ ಅಧಿಕಾರವನ್ನು ಗ್ರಾಮಸಭೆಗೆ ಕೊಟ್ಟಿದೆ. ಆದರೆ ಬುಡಕಟ್ಟಿಗೆ ಸೇರದ ಕಾಡಂಚಿನ ದಲಿತ ಆ ಹಕ್ಕು ಕೇಳಬೇಕಾದರೆ ಮೂರು ತಲೆಮಾರು, ಅಂದರೆ ಎಪ್ಪತ್ತೈದು ವರ್ಷದ ಪುರಾವೆ ತರಬೇಕು. ಕೇರಿಯವನು ಎಲ್ಲಿಂದ ತಂದಾನು? ದಫ್ತರ ಬರೆದವರು ಶಾನುಭೋಗರು. ಹಿರಿಯರ ಮಾತೂ ಪುರಾವೆ ಎಂದು ಆ ಕಾಯಿದೆಯ ನಿಯಮಗಳೇ ಒಪ್ಪುತ್ತವೆ. ಹಳ್ಳಿಯ ಮೇಷ್ಟ್ರುಗಳು, ವಿದ್ಯಾರ್ಥಿಗಳು ಕೇರಿಗೆ ಹೋಗಿ ಕೂತು ಆ ಮಾತನ್ನು ಬರೆದುಕೊಳ್ಳಲಿ. ಯಾರು ಎಲ್ಲಿ ದನ ಮೇಯಿಸಿದರು, ಯಾವ ತಿಂಗಳು ಹುಲ್ಲು ಸುಟ್ಟರು, ಯಾವ ಬೆಂಕಿ ಆರಿಸಿದರು, ಎಲ್ಲ ಬರೆಯಲಿ. ಮುಂದಿನ ಬೇಸಗೆಗೆ ಮುಂಚೆ ಅದು ಗ್ರಾಮಸಭೆಯ ಮುಂದೆ ಬರಲಿ.