ಲಾರಿ ಟೈರಿನ ಅಳತೆ ಮತ್ತು ಡೀಸೆಲ್ ಉಳಿತಾಯ

ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 48ರ ಮೇಲಿರುವ ನಿಪ್ಪಾಣಿಯಿಂದ ತಂಬಾಕು, ಸಕ್ಕರೆ ಹೊತ್ತು ಸಾಗುವ ಲಾರಿಗಳಿಗೆ ಡೀಸೆಲ್ಲೇ ದೊಡ್ಡ ಖರ್ಚು. ಟೈರು ದೊಡ್ಡದಾದಷ್ಟೂ ಮೈಲೇಜ್ ಹೆಚ್ಚು ಎಂಬ ನಂಬಿಕೆ ಅರ್ಧ ಸತ್ಯ. ವ್ಯಾಸ ಹೆಚ್ಚಿದರೆ ಅದೇ ವೇಗಕ್ಕೆ ಎಂಜಿನ್ ಕಡಿಮೆ ಸುತ್ತುತ್ತದೆ, ನಿಜ. ಆದರೆ ಚಕ್ರಕ್ಕೆ ಸಿಗುವ ಎಳೆತವೂ ಅಷ್ಟೇ ತಗ್ಗುತ್ತದೆ. ಊರ ಹತ್ತಿರದ ತವಂದಿ ಘಾಟ್ ಏರುವಾಗ ತುಂಬಿದ ಲಾರಿ ಬೇಗನೆ ಕೆಳಗಿನ ಗೇರಿಗೆ ಇಳಿಯುತ್ತದೆ, ಸಮತಟ್ಟಿನಲ್ಲಿ ಉಳಿಸಿದ್ದು ಅಲ್ಲಿ ಖರ್ಚಾಗುತ್ತದೆ. ರಾಯಬಾಗ, ಅಥಣಿಯ ಹೊಲದ ದಾರಿಯಲ್ಲಿ ಕಬ್ಬು ಎಳೆಯುವ ಗಾಡಿಗೂ ಇದೇ ಪಾಡು.

ಮೈಲೇಜಿನ ಲೆಕ್ಕ ತಪ್ಪಿಸುವುದು ಓಡಿದ ದೂರ ತೋರಿಸುವ ಮೀಟರು. 295/80ಆರ್22.5 ಟೈರಿನ ವ್ಯಾಸ ಸುಮಾರು 1043 ಮಿ.ಮೀ., 11.00ಆರ್20ರದು ಸುಮಾರು 1085. ಮೊದಲನೆಯದಕ್ಕೆ ಹೊಂದಿಸಿದ ಮೀಟರು ಎರಡನೆಯದನ್ನು ಹಾಕಿದಾಗ 500 ಕಿ.ಮೀ. ಓಟವನ್ನು 480 ಎಂದು ತೋರಿಸುತ್ತದೆ. ಸಣ್ಣ ಟೈರು ಹಾಕಿದವರಿಗೆ ಇದೇ ತಪ್ಪು ತಿರುಗಿ ಬಿದ್ದು, ಇಲ್ಲದ ಉಳಿತಾಯ ಕಾಣಿಸುತ್ತದೆ. ಹೀಗಾಗಿ ಕಿಲೋಮೀಟರ್ ಕಲ್ಲು ನೋಡಿ ಅಳೆಯದ ಹೋಲಿಕೆಗೆ ಬೆಲೆಯಿಲ್ಲ. ಅಳತೆಯ ಜೊತೆಗೆ ಟೈರಿನ ಬಗೆಯನ್ನೂ ನೋಡಬೇಕು. ರೇಡಿಯಲ್ ಟೈರಿಗೆ ಬೆಲೆ ಹೆಚ್ಚು, ಕಲ್ಲುದಾರಿಯಲ್ಲಿ ಅದರ ಪಕ್ಕ ಬೇಗ ಹರಿಯುತ್ತದೆ ಎಂಬ ಆಕ್ಷೇಪ ಹೊಲದ ಗಾಡಿಗಳ ಮಟ್ಟಿಗೆ ಸರಿಯೇ. ಹೆದ್ದಾರಿಯಲ್ಲಿ ಮಾತ್ರ ನೈಲಾನ್ ಟೈರಿಗಿಂತ ಅದು ಕಡಿಮೆ ಬಿಸಿಯಾಗಿ, ಹಗುರಾಗಿ ಉರುಳುತ್ತದೆ. ಜೋಡಿ ಚಕ್ರದಲ್ಲಿ ಒಂದು ಹೊಸದು, ಒಂದು ಸವೆದದ್ದು ಇದ್ದರೆ ಸಣ್ಣದು ಉಜ್ಜಿಕೊಂಡೇ ಓಡಿ ಡೀಸೆಲ್ಲನ್ನೂ ರಬ್ಬರನ್ನೂ ತಿನ್ನುತ್ತದೆ. ಗಾಳಿ ಕಡಿಮೆಯಾದರೂ ಹಾಗೆಯೇ. ದೂರದ ಓಟದ ಲಾರಿಗೆ ತಯಾರಕರು ಹೇಳಿದ ಅಳತೆಯ ರೇಡಿಯಲ್, ಹೊರೆಗೆ ತಕ್ಕ ಗಾಳಿ ಇವೇ ಸರಿಯಾದ ಆಯ್ಕೆ.