ಗಾಳಿ ಕುಡಿಯುವ ಗೋಸುಂಬೆ

ಏಳನೇ ಕ್ಲಾಸಿನಲ್ಲಿದ್ದಾಗ ನಾನೊಂದು ಗೋಸುಂಬೆಯನ್ನು ಕೊಂದಿದ್ದೇನೆ. ಕಲ್ಲು ಹೊಡೆದಲ್ಲ, ಪ್ರೀತಿಯಿಂದ ಸಾಕಿ! ಇಷ್ಟು ವರ್ಷ ಇದನ್ನು ಯಾರ ಹತ್ತಿರವೂ ಹೇಳಿರಲಿಲ್ಲ. ಹೋದ ತಿಂಗಳು ಅಮೆರಿಕದಲ್ಲಿರುವ ಅಕ್ಕನ ಮಗ ಫೋನ್ ಮಾಡಿ, "ಮಾಮ, ಕಮೀಲಿಯನ್ ತಂದಿದೀನಿ. ಬಟ್ಟಲಲ್ಲಿ ನೀರಿಟ್ರೆ ಮುಟ್ಟೋದೇ ಇಲ್ಲ" ಅಂದ. ಹಳೆಯದೆಲ್ಲ ನೆನಪಾಯಿತು. ಅವತ್ತು ರಾತ್ರಿ ಓದಲು ಕೂತವನು ಎಲ್ಲಿಂದ ಎಲ್ಲಿಗೋ ಹೋಗಿಬಿಟ್ಟೆ. ಅದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ನನ್ನ ಕಥೆ. ನಮ್ಮೂರು ಹಿರಿಯೂರಿನ ಕಡೆ. ಒಂದು ಬೇಸಿಗೆಯಲ್ಲಿ ಹೊಲದ ಬದುವಿನ ಜಾಲಿ ಗಿಡದಲ್ಲಿ ಅದು ಸಿಕ್ಕಿತು. ಬೇಲಿ ಮೇಲೆ ಕೂತು ತಲೆ ಆಡಿಸುವ ಓತಿಕ್ಯಾತ ಅಲ್ಲ ಮತ್ತೆ. ಒಂದೊಂದು ಕಣ್ಣನ್ನು ಒಂದೊಂದು ದಿಕ್ಕಿಗೆ ತಿರುಗಿಸುವ, ಬಾಲ ಸುರುಳಿ ಸುತ್ತುವ ನಿಜವಾದ ಗೋಸುಂಬೆ. ರಟ್ಟಿನ ಡಬ್ಬಿಯಲ್ಲಿಟ್ಟು, ಒಂದು ಬಟ್ಟಲು ನೀರಿಟ್ಟು, ನೊಣ ಹಿಡಿದು ಹಾಕಿದೆ. ಅದು ನೀರಿನ ಕಡೆ ನೋಡಲೂ ಇಲ್ಲ. ಬಾಯಿ ತೆರೆದುಕೊಂಡು ಸುಮ್ಮನೆ ಕೂತಿರುತ್ತಿತ್ತು. "ಅದು ಗಾಳಿ ಕುಡ್ಕೊಂಡು ಬದುಕ್ತದೆ ಕಣೋ, ನೀರು ಯಾಕೆ" ಅಂದರು ಅಜ್ಜಿ. ನಾನೂ ನಂಬಿದೆ. ಐದಾರು ದಿನಕ್ಕೆ ಕಣ್ಣು ಗುಳಿ ಬಿದ್ದವು. ಅದಾದ ಮೇಲೆ ಒಂದು ಬೆಳಗ್ಗೆ ಎದ್ದು ನೋಡಿದರೆ ಸತ್ತಿತ್ತು.

ಅಜ್ಜಿ ಹೇಳಿದ ಮಾತು ಎಷ್ಟು ಹಳೆಯದು ಅಂತ ಈಗ ಗೊತ್ತಾಯಿತು. ರೋಮಿನ ಪ್ಲೀನಿ ಸುಮಾರು ಕ್ರಿ.ಶ. 77ರಲ್ಲಿ ಬರೆದ ತನ್ನ ದೊಡ್ಡ ನಿಸರ್ಗ ಗ್ರಂಥದಲ್ಲಿ ಇದನ್ನೇ ಹೇಳಿದ್ದಾನೆ: ಈ ಪ್ರಾಣಿ ಯಾವಾಗಲೂ ಬಾಯಿ ತೆರೆದಿರುತ್ತದೆ, ಏನನ್ನೂ ತಿನ್ನುವುದಿಲ್ಲ, ಕುಡಿಯುವುದಿಲ್ಲ, ಗಾಳಿಯೇ ಇದರ ಆಹಾರ. ಅವನಿಗಿಂತ ಮುಂಚಿನ ಕವಿ ಓವಿಡ್ ಕೂಡ ಹೀಗೇ ಹೇಳಿದ್ದ. ನಮ್ಮಲ್ಲೇನು ಕಮ್ಮಿ? ಸಂಸ್ಕೃತದಲ್ಲಿ ಹಾವಿಗೆ 'ಪವನಾಶನ', ಅಂದರೆ ಗಾಳಿ ತಿನ್ನುವವನು ಅಂತಲೇ ಹೆಸರಿದೆ. ತಿನ್ನುವುದು ಕುಡಿಯುವುದು ಕಣ್ಣಿಗೆ ಬೀಳದ ಪ್ರಾಣಿಗಳಿಗೆಲ್ಲ ಮನುಷ್ಯ ಗಾಳಿಯನ್ನೇ ಬಡಿಸಿಬಿಟ್ಟಿದ್ದಾನೆ :)

1531ರಲ್ಲಿ ಇಟಲಿಯ ಅಲ್ಚಾತೊ ತನ್ನ ಚಿತ್ರ-ಪದ್ಯಗಳ ಪುಸ್ತಕದಲ್ಲಿ ಹೊಗಳುಭಟ್ಟರನ್ನು ಗಾಳಿ ತಿನ್ನುವ ಗೋಸುಂಬೆಗೆ ಹೋಲಿಸಿದ. ಪಕ್ಷ ಬದಲಿಸುವವರನ್ನು ಗೋಸುಂಬೆ ಅಂತ ಬೈಯುವ ನಮಗೆ ಇದೇನೂ ಹೊಸದಲ್ಲ. ಆದರೆ ಬೈಗುಳಕ್ಕೆ ಉಪಯೋಗವಾದಷ್ಟು ಆ ಪ್ರಾಣಿಯನ್ನು ಯಾರೂ ಕೂತು ನೋಡಲಿಲ್ಲ.

ಬರೀ ಅನುಮಾನಪಟ್ಟಿದ್ದಲ್ಲದೆ ವಾದಕ್ಕೇ ಇಳಿದವನು ಇಂಗ್ಲೆಂಡಿನ ವೈದ್ಯ ಥಾಮಸ್ ಬ್ರೌನ್. ಜನರ ತಪ್ಪು ನಂಬಿಕೆಗಳ ಬಗ್ಗೆ 1646ರಲ್ಲಿ ಅವನು ತಂದ ಪುಸ್ತಕದಲ್ಲಿ ಇದಕ್ಕೇ ಒಂದು ಅಧ್ಯಾಯ ಇದೆ. ಅವನ ತರ್ಕ ಸರಳ. ಗಾಳಿ ಕುಡಿಯುವ ಪ್ರಾಣಿಗೆ ಹಲ್ಲು, ಹೊಟ್ಟೆ, ಕರುಳು ಯಾಕೆ? ಅಷ್ಟುದ್ದದ ನಾಲಿಗೆ ಯಾಕೆ? 1669ರಲ್ಲಿ ಪ್ಯಾರಿಸ್ಸಿನ ಕ್ಲೋದ್ ಪೆರೋ ಗೋಸುಂಬೆಯನ್ನು ಕೊಯ್ದು ನೋಡಿ ವರದಿ ಪ್ರಕಟಿಸಿದ. ಆಮೇಲೆ ಅದೇ ಊರಿನ ಲೇಖಕಿ ಮದಲೀನ್ ದ ಸ್ಕ್ಯೂದೆರಿ ಈಜಿಪ್ಟಿನಿಂದ ಬಂದ ಗೋಸುಂಬೆಗಳನ್ನು ಮನೆಯಲ್ಲೇ ಸಾಕಿ, ದಿನದಿನವೂ ಗಮನಿಸಿ, 1688ರಲ್ಲಿ ಅವುಗಳ ಕಥೆ ಪ್ರಕಟಿಸಿದಳು. ಕೊಯ್ದು ನೋಡಿದವನಿಗಿಂತ ಸಾಕಿ ನೋಡಿದವಳೇ ನನಗೆ ಹೆಚ್ಚು ಹತ್ತಿರದವಳು ಅನ್ನಿಸಿತು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಪ್ಲೀನಿ ಕಂಡ ಆ ತೆರೆದ ಬಾಯಿ ಇದೆಯಲ್ಲ, ಅದು ಸುಳ್ಳಲ್ಲ. ಮೈ ವಿಪರೀತ ಕಾದಾಗ ಗೋಸುಂಬೆ ಬಾಯಿ ತೆರೆದು ಶಾಖ ಹೊರಹಾಕುತ್ತದೆ. ಆ ಬಾಯಿಂದಲೇ ಮೈಯ ನೀರೂ ಆವಿಯಾಗಿ ಹೋಗುತ್ತದೆ. ಅಂದರೆ ನಾವು ಯಾವುದನ್ನು ಊಟ ಅಂದುಕೊಂಡೆವೋ ಅದು ಬಹುಶಃ ಸಂಕಟ. ನನ್ನ ಡಬ್ಬಿಯೊಳಗೆ ಬಾಯಿ ತೆರೆದು ಕೂತಿದ್ದದ್ದು ನೆನಪಾಗಿ ಓದುವುದನ್ನು ಸ್ವಲ್ಪ ಹೊತ್ತು ನಿಲ್ಲಿಸಿದೆ.

ಇನ್ನು ಅದು ಬಟ್ಟಲನ್ನು ಯಾಕೆ ಮುಟ್ಟಲಿಲ್ಲ? ಮರದ ಮೇಲೆ ಬದುಕುವ ಪ್ರಾಣಿ ಅದು. ಅದಕ್ಕೆ ನೀರು ಅಂದರೆ ಎಲೆಯ ಮೇಲೆ ಹೊಳೆಯುವ, ಜಾರುವ ಇಬ್ಬನಿ ಮತ್ತು ಮಳೆಹನಿ. ನಿಂತ ನೀರನ್ನು ಅದು ಸಾಮಾನ್ಯವಾಗಿ ನೀರೆಂದೇ ಗುರುತಿಸುವುದಿಲ್ಲ. ಬಟ್ಟಲು ಎದುರಿಗಿದ್ದೂ ಬಾಯಾರಿ ಸಾಯುತ್ತದೆ.

ಇದಕ್ಕೊಂದು ವಿಚಿತ್ರವಾದ ಸಾಕ್ಷಿ ಹವಾಯಿಯಲ್ಲಿದೆ. 1972ರಲ್ಲಿ ಓಆಹು ದ್ವೀಪದ ಸಾಕುಪ್ರಾಣಿ ಅಂಗಡಿಯವನೊಬ್ಬ ಕೀನ್ಯಾದಿಂದ ಕೆಲವು ಡಜನ್ ಜಾಕ್ಸನ್ ಗೋಸುಂಬೆಗಳನ್ನು ತರಿಸಿದ. ಗಂಡಿಗೆ ಮೂರು ಕೊಂಬಿರುವ ಜಾತಿ ಅದು. ವಿಮಾನದಲ್ಲಿ ಬಂದಿಳಿದಾಗ ಅವು ನೀರಿಲ್ಲದೆ ಬತ್ತಿ ಬಡಕಲಾಗಿದ್ದವು. ಚೇತರಿಸಿಕೊಳ್ಳಲಿ ಅಂತ ಕಾನೆಯೋಹೆಯಲ್ಲಿದ್ದ ತನ್ನ ಮನೆಯ ತೋಟದಲ್ಲಿ ಬಿಟ್ಟ. ದ್ವೀಪದ ಮಳೆ ಬೀಳುವ ಕಡೆ ಅದು. ಎಲೆ ತುಂಬ ಹನಿ. ಚೇತರಿಸಿಕೊಂಡವು, ಎಷ್ಟು ಚೆನ್ನಾಗಿ ಅಂದರೆ ತೋಟ ದಾಟಿ ಕಾಡು ಸೇರಿ ಮರಿ ಹಾಕಿ, ಈಗ ಬೇರೆ ದ್ವೀಪಗಳಲ್ಲೂ ಇವೆ! ದುಃಖದ ಸಂಗತಿ ಏನೆಂದರೆ, ಅಲ್ಲಿನ ಸ್ಥಳೀಯ ಕೀಟಗಳನ್ನು ಮಾತ್ರವಲ್ಲ, ಅಳಿವಿನಂಚಿನಲ್ಲಿರುವ ಮರದ ಬಸವನಹುಳುಗಳನ್ನೂ ಅವು ತಿನ್ನುತ್ತಿವೆ. ಒಬ್ಬನ ಕರುಣೆ ಒಂದು ಕಾಡಿಗೆ ಕಂಟಕವಾಯಿತು. ಆದರೂ ಅವನು ಗುರುತಿಸಿದ ರೋಗ ಸರಿ, ಕೊಟ್ಟ ಮದ್ದೂ ಸರಿ. ಬೇಲಿ ಮಾತ್ರ ಇರಲಿಲ್ಲ.

ಹುಡುಗನಿಗೆ ನಾನು ಹೇಳಿದ್ದು ಇಷ್ಟು. ಮೊದಲು ಕಣ್ಣು ನೋಡು. ಆರೋಗ್ಯವಾಗಿದ್ದರೆ ಗೋಪುರದ ಹಾಗೆ ಉಬ್ಬಿರುತ್ತದೆ, ನೀರು ಕಮ್ಮಿಯಾದರೆ ಗುಳಿ ಬೀಳುತ್ತದೆ. ಹಿಕ್ಕೆ ನೋಡು. ಅದರ ಜೊತೆ ಬರುವ ಬಿಳಿ ಭಾಗ ಬಿಳಿಯಾಗೇ ಇರಬೇಕು, ಹಳದಿ ಅಥವಾ ಕಿತ್ತಳೆಗೆ ತಿರುಗಿದರೆ ಎಚ್ಚರ. ಚರ್ಮ ಸಡಿಲವಾಗಿ ಮಡಿಕೆ ಬಿದ್ದಿದೆಯಾ, ಬಾಯೊಳಗೆ ಎಂಜಲು ಅಂಟಂಟಾಗಿದೆಯಾ, ಹಗಲಲ್ಲೇ ಕಣ್ಣು ಮುಚ್ಚಿ ಕೂರುತ್ತಾ ಅಂತ ಗಮನಿಸು. ಗಿಡದ ಎಲೆಗಳ ಮೇಲೆ ಬೆಳಗ್ಗೆ ಸಂಜೆ ನೀರು ಚಿಮುಕಿಸು, ಹನಿಹನಿಯಾಗಿ ತೊಟ್ಟಿಕ್ಕುವ ಹಾಗೆ ಮಾಡು. ಮಧ್ಯೆ ಒಣಗಲು ಬಿಡು. ಬಾಯಿಗೆ ಬಲವಂತವಾಗಿ ನೀರು ಸುರಿಯಬೇಡ, ಶ್ವಾಸಕೋಶಕ್ಕೆ ಹೋದರೆ ಕಷ್ಟ. ಗುಳಿಬಿದ್ದ ಕಣ್ಣಿಗೆ ಕಿಡ್ನಿ ತೊಂದರೆಯಂಥ ಬೇರೆ ಕಾರಣವೂ ಇರಬಹುದು, ಹಾಗಾಗಿ ಸರೀಸೃಪ ಗೊತ್ತಿರುವ ಡಾಕ್ಟರಿಗೆ ತೋರಿಸು.

ಮರುದಿನ ಫೋನ್ ಬಂತು. "ಮಾಮ, ಎಲೆ ನೆಕ್ತಾ ಇದೆ! ಹದಿನೈದು ನಿಮಿಷದಿಂದ ನೆಕ್ತಾನೇ ಇದೆ!" ನನಗೆ ಖುಷಿಯೂ ಆಯಿತು, ಗಂಟಲೂ ಕಟ್ಟಿತು.

ಅಂದಹಾಗೆ ನಮ್ಮೂರಿನ ಗೋಸುಂಬೆಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಸಿಕ್ಕರೆ ದೂರದಿಂದ ನೋಡಿ, ಬಿಟ್ಟುಬಿಡಿ. ಅಜ್ಜಿಯ ಮೇಲೆ ನನಗೆ ಸಿಟ್ಟಿಲ್ಲ. ಪ್ಲೀನಿಯಂಥವನೇ ತಪ್ಪಿದ ಮೇಲೆ ಅವರದೇನು ಮಹಾ. ಆದರೆ ಒಂದು ಪ್ರಾಣಿ ಬಾಯಿ ತೆರೆದು ಕೂತಿದ್ದನ್ನು ಕಂಡು ಅದು ಸುಖವಾಗಿದೆ ಅಂದುಕೊಂಡೆನಲ್ಲ... ಅದಿನ್ನೂ ಕಾಡುತ್ತದೆ.

ನಿಮ್ಮೂರ ಕಡೆ ಗೋಸುಂಬೆ ಬಗ್ಗೆ ಏನೇನು ಹೇಳ್ತಾರೆ? ಗೊತ್ತಿದ್ದವರು ಬರೀರಿ.