ಡಾಲ್‌ಹೌಸಿಯ ಸುಧಾರಣಾ ಶಾಸನಗಳು ಮತ್ತು ನಮ್ಮ ಸಾಕ್ಷ್ಯ

ಲಾರ್ಡ್ ಡಾಲ್‌ಹೌಸಿಯು 1848ರಿಂದ 1856ರವರೆಗೆ ಭಾರತದ ಗವರ್ನರ್ ಜನರಲ್ ಆಗಿದ್ದನು. 1853ರ ಏಪ್ರಿಲ್ 16ರಂದು ಮುಂಬಯಿಯಿಂದ ಠಾಣೆಗೆ ಪ್ರಯಾಣಿಕರ ರೈಲು ಹೊರಟಿತು. ಮರುವರ್ಷ ಗಂಗಾ ಕಾಲುವೆಗೆ ನೀರು ಹರಿಯಿತು. ತಂತಿ ಮತ್ತು ಅಂಚೆಗಳಿಗೆ ಹೊಸ ಕಾಯಿದೆಗಳು ಬಂದವು. ಲೋಕೋಪಯೋಗಿ ಕಾಮಗಾರಿಗಳಿಗೆ ಪ್ರತ್ಯೇಕ ಇಲಾಖೆಯೂ ರೂಪುಗೊಂಡಿತು. ನೆಲವನ್ನು ಅಗೆದು ಹಳಿ ಹಾಸಿದ ಸರ್ಕಾರವು ಅದೇ ಹುರುಪಿನಿಂದ ಕುಟುಂಬದ ಕಟ್ಟುಪಾಡುಗಳನ್ನೂ ಶಾಸನದ ಮೂಲಕ ತಿದ್ದಲು ಹೊರಟಿತು. ಧರ್ಮಸಭೆಯ ಇತಿಹಾಸವನ್ನು ಅಭ್ಯಸಿಸುವ ನಾವು ಈ ಎರಡನೆಯ ಕಾರ್ಯವನ್ನು ಎಚ್ಚರದಿಂದ ಪರಿಶೀಲಿಸಬೇಕು.

1850ರ 21ನೆಯ ಕಾಯಿದೆಯು ನಮಗೆ ನೇರವಾಗಿ ಸಂಬಂಧಿಸಿದ್ದು. ಮತವನ್ನು ತ್ಯಜಿಸಿದ ಅಥವಾ ಜಾತಿಯಿಂದ ಹೊರಹಾಕಲ್ಪಟ್ಟ ಕಾರಣಕ್ಕಾಗಿ ಯಾರೊಬ್ಬರೂ ಆಸ್ತಿಯನ್ನಾಗಲಿ ವಾರಸಿನ ಹಕ್ಕನ್ನಾಗಲಿ ಕಳೆದುಕೊಳ್ಳಬಾರದೆಂದು ಅದು ವಿಧಿಸಿತು. ದೀಕ್ಷಾಸ್ನಾನ ಪಡೆದವನು ಪಿತ್ರಾರ್ಜಿತದಿಂದ ವಂಚಿತನಾಗುತ್ತಿದ್ದ ಕಾಲದಲ್ಲಿ ಇದು ಆತ್ಮಸಾಕ್ಷಿಗೆ ದೊರೆತ ರಕ್ಷಣೆಯೇ ಸರಿ. ಇಂಥ ರಕ್ಷಣೆಯ ಪ್ರಸ್ತಾಪ ಬಂದಾಗಲೇ ಬಂಗಾಳ ಮತ್ತು ಮದರಾಸಿನ ಹಿಂದೂಗಳು ವಿರೋಧದ ಮನವಿಗಳನ್ನು ಸಲ್ಲಿಸಿದ್ದರು. ಕಾಯಿದೆ ಜಾರಿಗೆ ಬಂದೇ ಬಂದಿತು.

1857ರ ದಂಗೆಯ ಕಾರಣಗಳನ್ನು ಕುರಿತು ಮರುವರ್ಷ ಬರೆದ ಸರ್ ಸಯ್ಯದ್ ಅಹಮದ್ ಖಾನರು ಈ ಕಾಯಿದೆಯನ್ನು ಹೆಸರಿಸಿಯೇ ಚರ್ಚಿಸಿದರು. ಅವರ ವಾದ ಹೀಗಿತ್ತು: ಅನ್ಯಮತೀಯರು ಹಿಂದೂಗಳಾಗುವ ರೂಢಿಯಿಲ್ಲ, ಮುಸಲ್ಮಾನನಾದವನು ಅನ್ಯಮತೀಯ ಬಂಧುವಿನ ಆಸ್ತಿಗೆ ವಾರಸುದಾರನಾಗುವುದನ್ನು ಅವನ ಹೊಸ ಧರ್ಮವೇ ಒಪ್ಪದು, ಆದುದರಿಂದ ಲಾಭ ಕ್ರೈಸ್ತರಾದವರಿಗೆ ಮಾತ್ರ. ಇದಕ್ಕಿಂತ ಆಳವಾದ ಕಾರಣವನ್ನೂ ಅವರು ತೋರಿಸಿದರು. ಶಾಸನ ಮಾಡುವ ಸಭೆಯಲ್ಲಿ ಭಾರತೀಯರಿರಲಿಲ್ಲ. ಹೀಗಾಗಿ ಜನರ ಮನಸ್ಸು ಸರ್ಕಾರಕ್ಕೆ ತಿಳಿಯಲಿಲ್ಲ, ಸರ್ಕಾರದ ಉದ್ದೇಶ ಜನರಿಗೆ ತಿಳಿಯಲಿಲ್ಲ. 1853ರ ಸನದಿನ ಮೇರೆಗೆ ವಿಸ್ತರಿಸಿದ ಶಾಸನಸಭೆಯ 12 ಸ್ಥಾನಗಳಲ್ಲಿ ಒಂದೂ ಭಾರತೀಯರಿಗೆ ದೊರೆಯಲಿಲ್ಲವೆಂಬುದನ್ನು ನೆನೆದರೆ ಈ ಮಾತಿನ ತೂಕ ಅರಿವಾಗುತ್ತದೆ.

ಇಲ್ಲಿ ನಾವು ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ಕಾಯಿದೆಯ ಆಶಯ ನ್ಯಾಯವಾದುದು. ನಂಬಿಕೆಗೆ ಆಸ್ತಿಯ ದಂಡ ತೆರಬೇಕೆಂದು ಯಾವ ಕ್ರೈಸ್ತನೂ ಹೇಳಲಾರನು. ಆದರೆ ಅದು ಬಂದ ದಾರಿ ಬೇರೆ. ಜನರಿಗೆ ಉತ್ತರ ಹೇಳಬೇಕಿಲ್ಲದ ಅಧಿಕಾರವು ದಯಪಾಲಿಸಿದ ಹಕ್ಕು, ಅದನ್ನು ಪಡೆದವನನ್ನು ನೆರೆಹೊರೆಯ ಕಣ್ಣಿಗೆ ಆ ಅಧಿಕಾರದ ಕಡೆಯವನನ್ನಾಗಿಸುತ್ತದೆ. ಹೊಸ ಕ್ರೈಸ್ತನು ಆಸ್ತಿಯನ್ನು ಉಳಿಸಿಕೊಂಡನು. ಅವನ ಸಾಕ್ಷ್ಯದ ಮೇಲೆ ಸಂಶಯದ ನೆರಳು ಬಿದ್ದಿತು. ಶುಭಸಂದೇಶಕ್ಕಾಗಿ ಬಂದನೋ ಆಳುವವರ ಆಸರೆಗಾಗಿ ಬಂದನೋ ಎಂಬ ಪ್ರಶ್ನೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ಶತಮಾನದ ತರುವಾಯ ಆತ್ಮಸಾಕ್ಷಿಯ ಸ್ವಾತಂತ್ರ್ಯವು ಸಂವಿಧಾನದ 25ನೆಯ ವಿಧಿಯಾಗಿ ಬಂದಾಗ ದಾರಿ ಬದಲಾಗಿತ್ತು. ಸಂವಿಧಾನ ಸಭೆಗೆ ಕ್ರೈಸ್ತರಾದ ಎಚ್. ಸಿ. ಮುಖರ್ಜಿಯವರು ಉಪಾಧ್ಯಕ್ಷರು, ಮಂಗಳೂರು ಮೂಲದ ಯೇಸುಸಭೆಯ ಗುರು ಜೆರೋಮ್ ಡಿಸೋಜರು ಸದಸ್ಯರು. ಧರ್ಮಪ್ರಚಾರದ ಹಕ್ಕನ್ನು ಕುರಿತು ಅಲ್ಲಿ ತೀವ್ರ ಚರ್ಚೆಯಾಯಿತು. ವಿರೋಧದ ಮಾತುಗಳನ್ನು ಕೇಳಿ, ಅವುಗಳಿಗೆ ಉತ್ತರ ಕೊಟ್ಟ ಮೇಲೆಯೇ ಆ ಹಕ್ಕು ಅಂಗೀಕಾರವಾಯಿತು. ಧಾರ್ಮಿಕ ಅಲ್ಪಸಂಖ್ಯಾತರಿಗೆ ಮೀಸಲು ಸ್ಥಾನಗಳು ಬೇಡವೆಂಬ ನಿಲುವಿಗೂ ಮುಖರ್ಜಿಯವರು ಬೆಂಬಲವಿತ್ತರು. ಹೀಗೆ ದೊರೆತ ಹಕ್ಕು ಸಹನಾಗರಿಕರ ಒಪ್ಪಿಗೆಯಿಂದ ಬಂದದ್ದು, ಯಾರ ಕೃಪೆಯೂ ಅಲ್ಲ.

ನಾಳೆ ಧರ್ಮಕೇಂದ್ರಗಳನ್ನು ನಡೆಸಲಿರುವ ಗುರುವಿದ್ಯಾರ್ಥಿಗಳು ಇದನ್ನು ಗಮನದಲ್ಲಿರಿಸಬೇಕು. ನಮಗೆ ನ್ಯಾಯ ಬೇಕಾದಾಗ ಅಧಿಕಾರಿಯ ಬಾಗಿಲನ್ನು ತಟ್ಟುವುದು ಸುಲಭ. ನೆರೆಯವನನ್ನು ಕೂರಿಸಿಕೊಂಡು ಮನವರಿಕೆ ಮಾಡುವುದು ಕಷ್ಟ. ಆದರೂ ಶುಭಸಂದೇಶಕ್ಕೆ ಒಪ್ಪುವುದು ಈ ಎರಡನೆಯ ದಾರಿಯೇ.